ನಾನು ಹೇಳದ ಹೆಸರು

ಮುಕ್ತಿ, ಮೋಕ್ಷ ಎಂದು ಯಾರಾದರೂ ಮಾತೆತ್ತಿದರೆ ಹಿಂದೆಲ್ಲ ನಾನು ನಗುತ್ತಿದ್ದೆ. ಈಗ ನಗುವುದಿಲ್ಲ. ನನಗೆ ನಂಬಿಕೆ ಬಂದಿದೆ ಎಂದು ಇದರ ಅರ್ಥವಲ್ಲ. ನಾಲ್ಕು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ನಡೆದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನಗುವ ಧೈರ್ಯ ಏಕೆ ಹೋಯಿತೆಂದು ನಿಮಗೇ ತಿಳಿದೀತು.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಪರ್ಕಳದಲ್ಲಿ ಬಾಡಿಗೆ ಮನೆ. ಕಾರ್ಕಳದ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು ವಾಸುದೇವ ಮಾಸ್ಟ್ರು. ಪ್ರಶ್ನೆ ಕೇಳುವುದನ್ನು ಕಲಿಸಿದವರೂ ಅವರೇ. ಪೂಜೆಯ ಮನೆತನದಲ್ಲಿ ಹುಟ್ಟಿ, ಇಪ್ಪತ್ತನೆಯ ವಯಸ್ಸಿಗೇ ಜನಿವಾರ ತೆಗೆದಿಟ್ಟವರು. ನಿವೃತ್ತಿಯ ನಂತರ ಕಾಪುವಿನಲ್ಲಿ ನೆಲೆಸಿದ್ದರು. ಭಾನುವಾರ ನಾನು ಹೋದರೆ ಊಟದ ತನಕ ಇದೇ ಮಾತು. ಸಾಯುವಾಗ ದೇವರ ಹೆಸರು ಕಿವಿಗೆ ಬಿದ್ದರೆ ಮುಕ್ತಿ ಅಂತಾದರೆ ಹುಟ್ಟುಕಿವುಡನ ಗತಿ ಏನು, ನಿದ್ದೆಯಲ್ಲಿ ಹೋದವನದ್ದೇನು, ನಂಬದವನಿಗೆ ಬಾಗಿಲು ಹಾಕುವ ದೇವರನ್ನು ನಂಬುವುದಾದರೂ ಯಾಕೆ ಎಂದು ಕೇಳುತ್ತಿದ್ದರು. ಅವರ ಹೆಂಡತಿ ಸುಶೀಲಕ್ಕ ಚಾ ಇಟ್ಟು ಸುಮ್ಮನೆ ಒಳಗೆ ಹೋಗುತ್ತಿದ್ದರು. ಆ ಮನೆಯಲ್ಲಿ ದೇವರ ಒಂದು ಪಟವೂ ಇರಲಿಲ್ಲ.

ಒಂದು ದಿನ ಸುಶೀಲಕ್ಕ ಇಲ್ಲದಾಗ ಮಾಸ್ಟ್ರು ನನ್ನ ಕೈ ಹಿಡಿದುಕೊಂಡರು. "ನನಗೆ ಎಚ್ಚರ ಇಲ್ಲದಾಗ ಇವಳು ಕಿವಿಯಲ್ಲಿ ನಾರಾಯಣ ಅಂದಾಳು. ನೀನು ಬಿಡಬಾರದು. ಇಷ್ಟು ವರ್ಷ ಒಂದೇ ಮಾತಿಗೆ ನಿಂತವನು ನಾನು ಮಾರಾಯ. ಕಡೆಯ ನಿಮಿಷದಲ್ಲಿ ನನ್ನನ್ನು ಸುಳ್ಳುಗಾರ ಮಾಡಬೇಡ." ನಾನು ಮಾತು ಕೊಟ್ಟೆ.

ಅದಾಗಿ ವರ್ಷ ತುಂಬುವ ಮೊದಲೇ ಅವರಿಗೆ ಪಾರ್ಶ್ವವಾಯು ಬಡಿಯಿತು. ಮಣಿಪಾಲದ ಆಸ್ಪತ್ರೆಗೆ ಸೇರಿಸಿದ ದಿನವೇ ಮಾತು ನಿಂತಿತ್ತು. ಮಕ್ಕಳಿಲ್ಲದ ಕಾರಣ ಸುಶೀಲಕ್ಕ ಮತ್ತು ನಾನು ಸರದಿಯಲ್ಲಿ ಕೂರುತ್ತಿದ್ದೆವು. ಹತ್ತನೆಯ ದಿನ ಬೆಳಿಗ್ಗೆ ಸುಶೀಲಕ್ಕ, ಬಜಗೋಳಿಯ ತವರುಮನೆಗೆ ಹೋಗಿಬರುತ್ತೇನೆ, ಅಣ್ಣ ಕಾರು ತರುತ್ತಾನೆ ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಗಂಡನ ಮನೆಯಲ್ಲಿ ಇಡಲಾಗದ ಗಂಗಾಜಲವನ್ನು ತವರಿನ ದೇವರ ಕೋಣೆಯಲ್ಲಿ ಇಟ್ಟಿದ್ದರೆಂದು ನನಗೆ ಗೊತ್ತಿತ್ತು. ಅದನ್ನು ತರಲೆಂದೇ ಹೊರಟಿದ್ದರು.

ಮಧ್ಯಾಹ್ನ ಎರಡೂವರೆಗೆ ಮಾಸ್ಟ್ರ ಉಸಿರಾಟ ಬದಲಾಯಿತು. ನರ್ಸ್ ಲವೀನಾ ಬಂದು ನೋಡಿ, ಮನೆಯವರನ್ನು ಬೇಗ ಕರೆಸಿ ಎಂದಳು. ಫೋನ್ ಮಾಡಿದೆ. ವಾಪಸು ಹೊರಟಿದ್ದ ಕಾರು ಇನ್ನೂ ಕಾರ್ಕಳ ದಾಟಿರಲಿಲ್ಲ. ಸುಶೀಲಕ್ಕ, ಫೋನನ್ನು ಅವರ ಕಿವಿಗೆ ಹಿಡಿ ಎಂದರು. ಹಿಡಿದೆ. ಅದನ್ನು ತಡೆಯಲು ನನಗೆ ಮನಸ್ಸು ಬರಲಿಲ್ಲ. ಆದರೆ ಅತ್ತ ಕಡೆಯಿಂದ ಕೇಳಿದ್ದು ಬಿಕ್ಕುವ ಸದ್ದು ಮಾತ್ರ. ಸ್ವಲ್ಪ ಹೊತ್ತಿಗೆ ನನ್ನನ್ನೇ ಕರೆದರು.

"ನನ್ನಿಂದ ಆಗುವುದಿಲ್ಲ. ಆ ಹೆಸರು ನೀನು ಹೇಳು. ಒಂದು ಸಲ. ಅದರಿಂದ ನಿನಗೆ ನಷ್ಟ ಎಂತ ಉಂಟು?"

ನಾನು ಹೇಳಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಕರೆ ಕಡಿಯದ ಫೋನ್ ಒಂದು ಕೈಯಲ್ಲೇ ಇತ್ತು, ಇನ್ನೊಂದು ಕೈಯಲ್ಲಿ ಮಂಚದ ಕಂಬಿ. ಹಲ್ಲು ಕಚ್ಚಿ ನಿಂತಿದ್ದೆ. ಹೊರಗೆ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದದ್ದು ನೆನಪಿದೆ. ಆಗ ಮಾಸ್ಟ್ರು ಕಣ್ಣು ಬಿಟ್ಟು ನನ್ನನ್ನು ನೋಡಿದರು. ಆ ಕಣ್ಣುಗಳಲ್ಲಿ ಹೆದರಿಕೆ ಇತ್ತು. ಅಷ್ಟು ವರ್ಷಗಳಲ್ಲಿ ಅವರು ಹೆದರಿದ್ದನ್ನು ನಾನು ಕಂಡವನಲ್ಲ. ಕೊಟ್ಟ ಮಾತು ಉಳಿಸು ಎನ್ನುತ್ತಿದ್ದರೋ, ಮುರಿ ಎಂದು ಬೇಡುತ್ತಿದ್ದರೋ, ತಿಳಿಯಲಿಲ್ಲ. ತಿಳಿಯುವ ಮೊದಲೇ ಉಸಿರು ನಿಂತಿತು.

ಸುಶೀಲಕ್ಕ ಬಂದವರು ಮೊದಲು ಹಿಡಿದದ್ದು ನನ್ನ ಎರಡು ಕೈಗಳನ್ನು. "ಮೂರು ಸಲ ಹೇಳಿದಿ ಅಲ್ವಾ? ಫೋನಿನಲ್ಲಿ ನನಗೆ ಸರಿಯಾಗಿ ಕೇಳಿತು. ಅಣ್ಣನಿಗೂ ಕೇಳಿತು." ಅಣ್ಣ ತಲೆಯಾಡಿಸಿದರು. ದುಃಖದಲ್ಲಿ ಏನೋ ಕೇಳಿಸಿರಬೇಕು, ಅವರಿಗೆ ಸಮಾಧಾನ ಸಿಕ್ಕಿದರೆ ಸಿಗಲಿ ಎಂದು ನಾನು ಸುಮ್ಮನಿದ್ದೆ.

ಆದರೆ ಸಂಜೆ ಕಾಗದಗಳಿಗೆ ಸಹಿ ಹಾಕುವಾಗ ಲವೀನಾ ಮೆಲ್ಲಗೆ ಹೇಳಿದಳು: "ನಾನು ಪರದೆಯ ಆಚೆ ಇದ್ದೆ ಸರ್. ನೀವು ಎರಡು ಸಲ ನಾರಾಯಣ ಅಂತ ಹೇಳಿ ನಿಲ್ಲಿಸಿದಿರಿ. ಆಗ ಅವರು 'ಇನ್ನೊಮ್ಮೆ' ಅಂದರು. ಮಾತು ಹೋದವರಿಗೆ ಕಡೆಗೆ ಹಾಗೆ ಬರುವುದು ಉಂಟು."

ಸಹಿಯನ್ನು ಅರ್ಧಕ್ಕೇ ಬಿಟ್ಟೆ. ಮುಖ ತೊಳೆಯುವ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡೆ. ಗಂಟಲು ಮುಟ್ಟಿ ನೋಡಿಕೊಂಡೆ. ನೋಯುತ್ತಿತ್ತು. ಅಳು ತಡೆದದ್ದಕ್ಕೆ ಇರಬಹುದು, ಬೇರೆಯದಕ್ಕೂ ಇರಬಹುದು.

ಪರಿಚಯದ ಡಾಕ್ಟರೊಬ್ಬರನ್ನು ಕೇಳಿದೆ. ಅಂಥ ಆಘಾತದಲ್ಲಿ ಆಡಿದ್ದು ಮರೆತುಹೋಗುವುದುಂಟು ಎಂದರು. ಎರಡು ದಿನ ಒಪ್ಪಿಕೊಂಡೆ. ಆದರೆ ಹಲ್ಲು ಕಚ್ಚಿದ್ದು, ಕಂಬಿಯ ತಣುಪು, ಗಾಲಿಯ ಸದ್ದು ಎಲ್ಲ ನೆನಪಿದ್ದು ಅದೊಂದೇ ಮರೆಯುವುದು ಹೇಗೆ? ಒಂದು ಗೇಣು ದೂರದಲ್ಲಿದ್ದ ನನಗೆ ಮಾಸ್ಟ್ರ ಸ್ವರ ಕೇಳದೆ ಪರದೆಯಾಚೆಗೆ ಕೇಳಿತೇ? ನಾನು ಮಾತು ಮುರಿದೆನೋ, ಅವರೇ ಮುರಿದರೋ? ನಾನೇ ಹೇಳಿದ್ದಾದರೆ, ನಂಬುವುದಿಲ್ಲ ಎಂದು ಇಷ್ಟು ವರ್ಷ ವಾದಿಸಿದ ನಾನು ಯಾರು? ನಾನಲ್ಲವಾದರೆ ನನ್ನ ಸ್ವರದಲ್ಲಿ ಹೇಳಿದ್ದು ಯಾರು? ಎರಡಕ್ಕೂ ಹೆದರುತ್ತೇನೆ. ಪಾಠದ ನಡುವೆ ಈಗಲೂ ಒಮ್ಮೊಮ್ಮೆ ನಿಲ್ಲಿಸಿ, ಈಗ ನಾನು ಏನು ಹೇಳಿದೆ ಎಂದು ವಿದ್ಯಾರ್ಥಿಗಳನ್ನು ಕೇಳುತ್ತೇನೆ. ಅವರು ಅದನ್ನು ಪರೀಕ್ಷೆ ಎಂದುಕೊಂಡು ಉತ್ತರ ಹೇಳುತ್ತಾರೆ. ಇಷ್ಟರವರೆಗೆ ಸರಿಯಾಗಿಯೇ ಹೇಳಿದ್ದಾರೆ.

ಸುಶೀಲಕ್ಕನಿಗೆ ನಿಜ ಹೇಳಿಲ್ಲ. ಅವರ ನಿದ್ದೆ, ಊಟ ಎಲ್ಲ ಆ ಮೂರು ಸಲದ ಮೇಲೆ ನಿಂತಿದೆ. ಯಾವುದು ನಿಜವೆಂದು ನನಗೇ ಗೊತ್ತಿಲ್ಲದಾಗ ಹೇಳುವುದಾದರೂ ಏನನ್ನು?

ಕಳೆದ ತಿಂಗಳು ಕಾಪುವಿಗೆ ಹೋಗಿದ್ದೆ. ಹಗಲು ಹನ್ನೊಂದು ಗಂಟೆ. ಸುಶೀಲಕ್ಕ ನನ್ನ ಎದುರು ಕೂತು, ತನ್ನ ಸಮಯ ಬಂದಾಗಲೂ ನಾನೇ ಬರಬೇಕು, ನನ್ನ ಬಾಯಿಯಿಂದಲೇ ಆ ಹೆಸರು ತನಗೆ ಕೇಳಿಸಬೇಕು ಎಂದು ಹೇಳಿ, ಬರುತ್ತೀಯಾ ಎಂದು ಕೇಳಿದರು. ಇಲ್ಲವೆನ್ನಲು ಆಗಲಿಲ್ಲ. "ಬರುತ್ತೇನೆ ಅಕ್ಕ" ಎಂದೆ. ಸ್ಪಷ್ಟವಾಗಿಯೇ ಎಂದೆ.

ಅವರು ನನ್ನ ಮುಖವನ್ನೇ ನೋಡುತ್ತಾ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: "ಯಾಕೆ ಮಾರಾಯ, ಉತ್ತರವೇ ಕೊಡುವುದಿಲ್ಲ?"