ಉಪ್ಪು ಕೇಳುವ ಹಸಿರು

ನಮ್ಮ ಅತ್ತೆಯ ಲೆಕ್ಕದಲ್ಲಿ ಲೋಕದ ಬಣ್ಣಗಳೆಲ್ಲ ಮೂರೇ ಜಾತಿ. ಉಪ್ಪು ಕೇಳುವವು, ಹುಳಿ ಕೇಳುವವು, ಏನೂ ಕೇಳದೆ ತಳಕ್ಕೆ ಕೂರುವವು. ಹತ್ತಿಯ ಬಟ್ಟೆಗೆ ಹಾಕುವ ಬಣ್ಣ ಕುದಿಯುವಾಗ ಉಪ್ಪು ಬೀಳದಿದ್ದರೆ ಅದು ನೂಲನ್ನು ಹಿಡಿಯುವುದಿಲ್ಲ. ರೇಷ್ಮೆಗೂ ಉಣ್ಣೆಗೂ ಹಾಕುವ ಬಣ್ಣಕ್ಕೆ ಹುಳಿ ಬೇಕು. ಮೂರನೆಯದು ನೀರಿನಲ್ಲಿ ಕರಗುವುದೇ ಇಲ್ಲ. ಎಷ್ಟು ಕದಡಿದರೂ ಸ್ವಲ್ಪ ಹೊತ್ತಿಗೆ ತಳ ಸೇರಿ ಮೇಲೆ ತಿಳಿನೀರು ನಿಲ್ಲುತ್ತದೆ. ಗೋಡೆಗೆ ಬಳಿಯುವ ಕಾವಿ, ಪಕ್ಕದ ವಾಡಿ ಊರಿನ ಗಾರೆ ಕೆಲಸದ ಗೌಂಡಿಗಳು ಸಿಮೆಂಟಿನ ನೆಲಕ್ಕೆ ಕಲಸಲು ಒಯ್ಯುತ್ತಿದ್ದ ಕೆಂಪು ಪುಡಿ, ಎಲ್ಲ ಇದೇ ಜಾತಿ. ಅವು ಬಟ್ಟೆಯ ಒಳಗೆ ಇಳಿಯುವುದಿಲ್ಲ, ಮೇಲೆ ಕೂರುತ್ತವೆ. "ಅವು ಬೀಗರಿದ್ದಂಗ, ಎಷ್ಟ್ ದಿನ ಇದ್ರೂ ಮನ್ಯಾಗ ಬೆರೆಯಂಗಿಲ್ಲ" ಎನ್ನುತ್ತಿದ್ದರು ಅತ್ತೆ. ನಾನಾಗ ಶಹಾಬಾದಿನಿಂದ ಚಿತ್ತಾಪುರಕ್ಕೆ ಬಂದ ಹೊಸ ಸೊಸೆ. ಆ ಮಾತು ನನಗೇ ತಾಗಿಸಿ ಆಡಿದ್ದು ಎಂದುಕೊಂಡು ವಾರಗಟ್ಟಲೆ ಮುಖ ಊದಿಸಿಕೊಂಡಿದ್ದೆ.

ನಮ್ಮದು ಬಣ್ಣ ಮಾರುವ ಅಂಗಡಿ, ಬಣ್ಣ ಹಾಕಿಕೊಡುವ ಮನೆ. ಮುಂದೆ ಅಂಗಡಿ, ಹಿಂದೆ ಅಂಗಳ, ಅಂಗಳದಲ್ಲಿ ಒಲೆಯ ಮೇಲೆ ಸದಾ ಕುದಿಯುವ ಹಂಡೆ. ಮಾಸಿದ ಸೀರೆ ತಂದು ಕೊಟ್ಟರೆ ಹೊಸ ಬಣ್ಣ ಹಾಕಿ ಕೊಡುತ್ತಿದ್ದೆವು. ಗಿರಾಕಿಗಳು ಬರೀ ಕೆಂಪು, ಬರೀ ಹಸಿರು ಎಂದು ಕೇಳಿದ್ದನ್ನು ನಾನು ಕಾಣೆ. ಉಳ್ಳಾಗಡ್ಡಿ ಸಿಪ್ಪಿ ಬಣ್ಣ ಹಾಕ್ರಿ, ಹುಣಸಿ ಚಿಗರಿನ ಬಣ್ಣ ಹಾಕ್ರಿ, ಕಡಲಿ ಹೂವಿನ ಬಣ್ಣ ಹಾಕ್ರಿ. ನಾವು ಬದನಿಕಾಯಿ ಬಣ್ಣ ಅಂದದ್ದು ಚಿಂಚೋಳಿ ಕಡೆಯ ತೆಲುಗರಿಗೆ ವಂಗಪಂಡು, ಮುಸಲ್ಮಾನರ ಓಣಿಯ ಹೆಂಗಸರಿಗೆ ಬೈಂಗನಿ. ಮೂರು ಭಾಷೆಗೂ ಬದನೆಕಾಯಿಯೇ ಬೇಕಾಯಿತು ನೋಡಿ! ಇಷ್ಟೆಲ್ಲ ಹೆಸರುಗಳು ನನಗೆ ಬಾಯಿಪಾಠವಾಗಲು ಒಂದು ಬೇಸಿಗೆಯೇ ಬೇಕಾಯಿತು.

ಮದುವೆಯಾದ ವರ್ಷ ಪಂಚಮಿಯ ದಿನ ತವರಿನಿಂದ ಬಂದ ಕುಂಕುಮ ಬಣ್ಣದ ಸೀರೆ ಉಟ್ಟು ಅಂಗಡಿಯ ಬಾಗಿಲಲ್ಲಿ ಬೇಕೆಂದೇ ನಿಂತೆ. ನಮ್ಮವರು, ಎಂದರೆ ನನ್ನ ಗಂಡ, ತಲೆಯೆತ್ತಿ ನೋಡಿದರು. ಮಾತು ಕಮ್ಮಿಯ ಮನುಷ್ಯ. ಅಂಥವರು ಅಪರೂಪಕ್ಕೆ ನಕ್ಕು, "ಈ ಹಸರು ನಿನಗ ಭಾಳ ಒಪ್ತದ ನೋಡು" ಅಂದರು.

ನನಗೆ ಮೈಯೆಲ್ಲ ಉರಿದು ಹೋಯಿತು. ಬಣ್ಣದ ಅಂಗಡಿಯವನಿಗೆ ಹೆಂಡತಿ ಉಟ್ಟ ಸೀರೆಯ ಬಣ್ಣ ಗೊತ್ತಿಲ್ಲವೇ? ಚೇಷ್ಟೆ ಮಾಡುತ್ತಾರೋ, ಮನಸ್ಸಿನಲ್ಲಿ ಹಸಿರು ಸೀರೆಯ ಇನ್ನಾರಾದರೂ ಇದ್ದಾರೋ? ನೇರ ಅಡುಗೆಮನೆಗೆ ಹೋಗಿ ಅತ್ತೆಯ ಮುಂದೆ ಕಣ್ಣೀರು ಹಾಕಿದೆ. ರೊಟ್ಟಿ ಬಡಿಯುತ್ತಿದ್ದ ಅವರ ಕೈ ನಿಂತಿತು. ಹೊರಗೆ ಇಣುಕಿ ನೋಡಿ, ಬಾಗಿಲು ಮುಂದೆ ಮಾಡಿ ಬಂದು ನನ್ನ ಎದುರು ಕುಳಿತರು.

"ಸಿಟ್ಟಾಗಬ್ಯಾಡ. ನನ್ನ ಮಗಗ ಕೆಂಪು ಹಸರು ಎರಡೂ ಒಂದಾ ಥರಾ ಕಾಣ್ತಾವ. ಹುಟ್ಟಿದಾಗಿಂದ ಹಂಗಾ. ಇಷ್ಟ್ ದಿನ ನನಗೊಬ್ಬಾಕಿಗೇ ಗೊತ್ತಿತ್ತು, ಈಗ ನಿನಗ ಗೊತ್ತಾತು. ನಮಗ ಗೊತ್ತದ ಅಂತ ಅವಗ ಗೊತ್ತಾಗಬಾರದು, ತಿಳೀತಿಲ್ಲೋ?"

"ಮತ್ತ ಅಂಗಡಿ ಹ್ಯಾಂಗ ನಡಸ್ತಾರ್ರಿ ಅತ್ತಿ?" ಅಂದೆ ನಾನು, ಕಣ್ಣೀರು ಅರ್ಧಕ್ಕೇ ನಿಂತು.

"ಹ್ಯಾಂಗೋ ನಡಸ್ಲಿಕತ್ತಾನ. ಮಂದೀಗಿ ಗೊತ್ತಾದ್ರ ಒಂದು ಸೀರಿ ಸುದ್ದ ನಮ್ಮ ಹೊಸ್ತಿಲಿಗೆ ಬರಂಗಿಲ್ಲ. ಬಣ್ಣ ಕಾಣದಾಂವ ಬಣ್ಣ ಹಾಕ್ತಾನಂತ ನಗ್ತಾರ. ಅವ ಅದನ್ನ ತಾಳಂಗಿಲ್ಲವ್ವಾ."

ಆ ದಿನದಿಂದ ನಾನು ನೋಡತೊಡಗಿದೆ. ಅವರು ಬಣ್ಣಗಳನ್ನು ಡಬ್ಬಿಯ ಮೇಲಿನ ಚಿತ್ರದಿಂದ ಗುರುತು ಹಿಡಿಯುತ್ತಿದ್ದರು. ಗಿಣಿಯ ಚಿತ್ರ ಇದ್ದರೆ ಹಸಿರು, ದೀಪವಿದ್ದರೆ ಕೆಂಪು, ನವಿಲಿದ್ದರೆ ನೀಲಿ. ಚಿತ್ರದ ಆಚೆಗಿನ ಕೆಲಸವೆಲ್ಲ ಅತ್ತೆಯದು. ಹಂಡೆಯ ಹತ್ತಿರ ಕಟ್ಟಿಗೆ ಮುಂದೂಡುವ ನೆಪದಲ್ಲಿ ಕೂತು, ಗಾಳಿಗೆ ಹೇಳಿದಂತೆ, "ಈ ಹಸರು ಇನ್ನೂ ಎಳೀದು ಅದ ತಮ್ಮಾ, ಒಂದಿಷ್ಟು ಕುದಿ ಬೇಕು" ಅಂತಲೋ, "ಕೆಂಪು ಚಲೋ ಏರ್ಯಾದ, ತೆಗಿ" ಅಂತಲೋ ಅನ್ನುತ್ತಿದ್ದರು. ಮಗನಿಗೆ ಅದು ತಾಯಿಯ ಬಾಯಿಬಡುಕತನ. "ನಿನ್ನ ಬಾಯಿಗಿ ಬ್ಯಾಸರಿಕಿ ಇಲ್ಲೇನವ್ವಾ" ಎಂದು ರೇಗುತ್ತ, ಹೇಳಿದ ಹಾಗೇ ಮಾಡುತ್ತಿದ್ದರು. ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಇಳಿದು ಹೋಗಿ ಅಯ್ಯೋ ಅನ್ನಿಸುತ್ತಿತ್ತು. ಮೊಳಕೈವರೆಗೆ ಬಣ್ಣ ಹತ್ತಿಸಿಕೊಂಡು ಬರುವ ಮನುಷ್ಯನಿಗೆ ಅದು ಯಾವ ಬಣ್ಣ ಎಂದು ತಿಳಿಯದು. ಉಣ್ಣಲು ಕೂತಾಗ ಆ ಕೈಗಳನ್ನು ನೋಡುತ್ತ ಎಷ್ಟೋ ಸಲ ಅವರ ತಾಟಿಗೆ ಇನ್ನೊಂದು ರೊಟ್ಟಿ ಹೆಚ್ಚಿಗೆ ಹಾಕುತ್ತಿದ್ದೆ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದ ಹೊಸತು. ನಾನು ಮೊದಲ ಬಸುರಿ. ಅದೇ ಸುಮಾರಿಗೆ ಗುಲ್ಬರ್ಗಾದಿಂದ ಮಾಲು ತರುವ ಏಜೆಂಟ ಹೊಸ ಡಬ್ಬಿಗಳನ್ನು ತಂದು ಇಳಿಸಿದ. ಎಲ್ಲ ಒಂದೇ ನಮೂನೆಯ ಬಿಳಿ ಡಬ್ಬಿ. ಗಿಣಿಯೂ ಇಲ್ಲ, ದೀಪವೂ ಇಲ್ಲ. ಒಂದು ಇಂಗ್ಲಿಷ್ ಅಕ್ಷರ, ಒಂದು ನಂಬರು, ಅಷ್ಟೇ.

"ಈಗ ಎಲ್ಲಾ ಕಡೆ ಹಿಂಗಾ ರೀ, ಸಾವಕಾರ್ರ. ಬಿ ಇದ್ರ ನೀಲಿ ಕಡಿ ವಾಲಿದ್ದು, ಆರ್ ಇದ್ರ ಕೆಂಪಿನ ಕಡಿ ವಾಲಿದ್ದು. ನಂಬರ್ ದೊಡ್ಡದಿದ್ದಷ್ಟು ವಾಲಿಕಿ ಜಾಸ್ತಿ. ಬಣ್ಣದ ಹೆಸರು ಮಾತ್ರ ಬರೆದಿರಂಗಿಲ್ಲ. ನಿಮ್ಮಂಥ ಜಾಣರಿಗಿ ಮುಚ್ಚಳ ತೆರೆದ್ರ ಸಾಕು, ಗೊತ್ತಾಗಿಬಿಡ್ತದ."

ನಮ್ಮವರು ತಲೆಯಾಡಿಸಿದರು. ಮುಚ್ಚಳಗಳನ್ನು ಒಂದೊಂದಾಗಿ ತೆರೆದು, ನೋಡಿದಂತೆ ಮಾಡಿ, ಮುಚ್ಚಿಟ್ಟರು. ನಾನು ಒಳಬಾಗಿಲಲ್ಲೇ ನಿಂತು ನೋಡಿದೆ. ಅತ್ತೆ ಮಾತ್ರ ಜಾಣೆ. ಪುಡಿಯನ್ನು ಒದ್ದೆ ಅಂಗೈಗೆ ತಿಕ್ಕಿ ನೋಡಿ, "ಇದು ಕೆಂಪು ಆ ಮೂಲ್ಯಾಗಿಡು, ಇದು ಹಸರು ಈ ಮೂಲ್ಯಾಗಿಡು" ಎಂದು ಗೊಣಗುತ್ತ ಹಲಗೆ ಜೋಡಿಸಿಕೊಟ್ಟರು. ಹೀಗೆ ಹಳೇ ಬಂಡಿ ಮತ್ತೆ ಹೊರಟಿತು.

ಏಳನೆಯ ತಿಂಗಳಿಗೆ ನನ್ನ ಕುಬಸ, ಅಂದರೆ ಸೀಮಂತ, ಮಾಡುವುದೆಂದಾಯಿತು. ಕುಬಸದಲ್ಲಿ ಬಸುರಿ ಹಸಿರು ಸೀರೆ ಉಡಬೇಕು, ಹಸಿರು ಬಳೆ ತೊಡಬೇಕು. ಸೀರೆ ತವರಿನದು. ಆದರೆ ನಮ್ಮವರು ನನ್ನ ಅಣ್ಣನಿಗೆ ಹೇಳಿ ಕಳಿಸಿದರು: "ಕೋರಾ ಸೀರಿ ತರ್ರಿ, ಬಣ್ಣ ನಾ ಹಾಕ್ತೀನಿ. ಬಣ್ಣದ ಮನಿ ಸೊಸಿ ಹೊರಗಿನ ಹಸರು ಉಡೋದು ಬ್ಯಾಡ." ಬಣ್ಣ ಹಾಕದ ಬಿಳಿ ಸೀರೆ ಬಂತು. ಅಷ್ಟರಲ್ಲಿ ಸೇಡಂನಲ್ಲಿದ್ದ ನಾದಿನಿಯ ಮಗುವಿಗೆ ಜ್ವರ ಎಂದು ಸುದ್ದಿ ಬಂದು ಅತ್ತೆ ಅಲ್ಲಿಗೆ ಓಡಿದರು. ನನ್ನನ್ನಂತೂ ಹಂಡೆಯ ಹತ್ತಿರ ಯಾರೂ ಬಿಡುತ್ತಿರಲಿಲ್ಲ. ಬಣ್ಣದ ಹಬೆ ಬಸುರಿಗೆ ಆಗದು ಎಂದು ಅತ್ತೆಯೇ ಕಟ್ಟಪ್ಪಣೆ ಮಾಡಿದ್ದರು. ಅತ್ತೆ ಬರುವ ತನಕ ತಡೆಯಿರಿ ಎಂದರೆ ಕೇಳಲಿಲ್ಲ. "ನನ್ನ ಹೆಂಡ್ತಿ ಸೀರಿ ಅದ. ನಾನಾ ಹಾಕ್ತೀನಿ" ಎಂದು ಒಲೆ ಹೊತ್ತಿಸಿದರು. ಆ ಮಾತಿಗೆ ಹಿಗ್ಗಬೇಕೋ ಹೆದರಬೇಕೋ ನನಗೆ ತಿಳಿಯಲಿಲ್ಲ.

ಹಲಗೆಯ ಮೇಲಿನ ಡಬ್ಬಿಗಳನ್ನು ಹಿಂದಿನ ದಿನ ಗೌಂಡಿಯೊಬ್ಬನಿಗೆ ಅವುಗಳ ಹಿಂದಿದ್ದ ನೆಲದ ಪುಡಿ ತೆಗೆದುಕೊಡಲು ಅವರೇ ಕೆಳಗಿಳಿಸಿದ್ದರು. ತಿರುಗಿ ಇಡುವಾಗ ಮೂಲೆ ಅದಲುಬದಲಾಗಿದೆ. ಕುಬಸದ ಬೆಳಗ್ಗೆ ಅವರು ತಮ್ಮ ಕೈಯಾರೆ ಮಡಿಚಿ ತಂದು ನನ್ನ ಉಡಿಗೆ ಇಟ್ಟದ್ದು ಇಟ್ಟಂಗಿ ಬಣ್ಣದ ಸೀರೆ. ಸುಟ್ಟ ಇಟ್ಟಿಗೆಯ ಅಪ್ಪಟ ಕೆಂಪು.

"ಗಿಣಿ ಹಸರು" ಎಂದರು. ಅವರ ಮುಖದಲ್ಲಿ ಅಂಥ ಹುರುಪನ್ನು ನಾನು ಕಂಡಿರಲಿಲ್ಲ. "ಹ್ಯಾಂಗದ?"

"ಭಾಳ ಚಂದದರಿ" ಎಂದೆ. ಒಳಗೆ ಹೋಗಿ ಉಟ್ಟುಕೊಂಡೆ. ಮೊದಲ ಬಸಿರು, ಹಸಿರು ಉಡುವ ದಿನ, ಏನು ಅಪಶಕುನವೋ ಎಂಬ ಭಯವಿತ್ತು, ಸುಳ್ಳೇಕೆ ಹೇಳಲಿ. ಆದರೆ ಆ ಮುಖಕ್ಕೆ ಬೇರೆ ಉತ್ತರ ಕೊಡುವ ಧೈರ್ಯ ನನಗಿರಲಿಲ್ಲ, ಅಂಥ ಧೈರ್ಯ ನನಗೆ ಬೇಕಾಗಿಯೂ ಇರಲಿಲ್ಲ.

ಅಂಗಳದ ತುಂಬ ಓಣಿಯ ಹೆಂಗಸರು. ನಾನು ಬಂದು ಮಣೆಯ ಮೇಲೆ ಕೂತೊಡನೆ ಗದ್ದಲವೆಲ್ಲ ತಣ್ಣಗಾಯಿತು. ನನ್ನ ದೊಡ್ಡವ್ವ, ಶಹಾಬಾದಿನಿಂದ ಬಂದಾಕೆ, "ಅಯ್ಯ ಶಿವನೇ, ಇದೇನವ್ವಾ ಈ..." ಎಂದು ಬಾಯಿ ತೆರೆದಳೋ ಇಲ್ಲವೋ, ಆಗಷ್ಟೇ ಸೇಡಂನಿಂದ ಬಂದಿಳಿದಿದ್ದ ಅತ್ತೆ ಒಂದು ಹಿಡಿ ಸಕ್ಕರೆಯನ್ನು ಆಕೆಯ ಬಾಯಿಗೆ ತುರುಕಿದರು. "ನನ್ನ ಮಗ ಹಾಕಿದ ಹಸರು ನೋಡ್ರಿ! ಎಂಥಾ ಬಿಸಲಿಗೂ ಬಿಡಂಗಿಲ್ಲ!" ಎಂದು ಅಂಗಡಿಯವರೆಗೆ ಕೇಳುವಂತೆ ಕೂಗಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಯಾರೋ, "ಹೌದವ್ವಾ, ಚಲೋ ಹಸರು ಆಗ್ಯಾದ" ಅಂದರು. ಇನ್ನೊಬ್ಬರೂ ಅಂದರು. ಹಾಡು ಶುರುವಾಯಿತು, ಆರತಿಯಾಯಿತು, ನಾನು ಕೆಂಪು ಸೀರೆಯ ಮೇಲೆ ಹಸಿರು ಬಳೆ ತೊಟ್ಟು ಕೂತಿದ್ದೆ.

ಎಲ್ಲರೂ ಉಂಡು ಹೋದ ಮೇಲೆ ಸಂಜೆ ನಮ್ಮವರು ಬಂದು ಎದುರಿಗೆ ಕೂತರು. ಹುರುಪು ಇಳಿದು ಹೋಗಿತ್ತು.

"ಖರೇ ಹೇಳು. ಏನು ಬಣ್ಣ ಆಗ್ಯಾದ?"

ನಾನು ಕೈಯ ಬಳೆ ಸರಿಮಾಡಿಕೊಳ್ಳತೊಡಗಿದೆ.

"ಚಲೋ ಬಣ್ಣ ಕಂಡ್ರ ಈ ಓಣಿ ಹೆಣ್ಣಮಕ್ಕಳು ಅಲ್ಲೇ ಬಂದು, ನಮ್ಮ ಸೀರಿಗೂ ಇದಾ ಹಾಕ್ರಿ ಅಂತ ಗಂಟು ಬೀಳ್ತಾರ. ಇವತ್ತ ಒಬ್ಬಾಕಿನೂ ಕೇಳಲಿಲ್ಲ."

ಇನ್ನೂ ಮುಚ್ಚಿಟ್ಟರೆ ಅವರನ್ನು ಹುಚ್ಚನ ಹಾಗೆ ಕಂಡಂತಾಗುತ್ತಿತ್ತು. "ಇಟ್ಟಂಗಿ ಬಣ್ಣರಿ" ಎಂದೆ.

"ನೀ ಯಾಕ ಉಟ್ಟಿ ಮತ್ತ?"

"ನೀವು ಹಾಕಿದ್ರಲ್ರೀ, ಅದಕ್ಕ."

ಮರುದಿನ ಒಲೆ ಹೊತ್ತಲಿಲ್ಲ. ಅದರ ಮರುದಿನವೂ ಇಲ್ಲ. ಅಂಗಡಿ ತೆರೆದಿರುತ್ತಿತ್ತು, ಕಾವಿ ಸುಣ್ಣ ಕೇಳಿದವರಿಗೆ ಕೊಡುತ್ತಿದ್ದರು, ಸೀರೆ ತಂದವರಿಗೆ ಉಪ್ಪು ಮುಗಿದಿದೆ ಎನ್ನುತ್ತಿದ್ದರು. ಉಪ್ಪಂತೆ! ಮೂಟೆ ಅಲ್ಲೇ ಮೂಲೆಯಲ್ಲಿ ಕೂತಿತ್ತು. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕೂಲಿ ಸಿಗುತ್ತದೆಯಂತೆ ಎಂದು ಒಂದು ದಿನ ಊಟದ ನಡುವೆ ಅಂದರು. ಅತ್ತೆ ಎದ್ದು ದೇವರಮನೆಗೆ ಹೋಗಿ ಲಿಂಗಪೂಜೆಯ ನೆಪದಲ್ಲಿ ಅತ್ತರು.

ಹೀಗಿರುವಾಗ ಓಣಿಯಲ್ಲಿ ಹಾಲು ಹಾಕುವ ಆಯಿ ಒಂದು ಮುಂಜಾನೆ ಬಂದಳು. ಕುಬಸಕ್ಕೂ ಬಂದಿದ್ದ ಮುದುಕಿ. ಬಗಲಿನಿಂದ ಮಾಸಿದ ಸೀರೆ ತೆಗೆದು ಕಟ್ಟೆಯ ಮೇಲೆ ಒಗೆದು, "ಮೊಮ್ಮಗಳ ಸೀರಿ. ಗಿಣಿ ಹಸರು ಹಾಕಿಕೊಡಪ್ಪಾ" ಅಂದಳು.

"ಉಪ್ಪು ಇಲ್ಲ ಆಯಿ."

"ಉಪ್ಪು ನಾ ತರ್ತೀನಿ ತೊಗೊ."

ನಮ್ಮವರು ಸೀರೆಯನ್ನು ಮೆಲ್ಲಗೆ ಅವಳ ಕಡೆ ಸರಿಸಿದರು. ಒಳಬಾಗಿಲಲ್ಲಿ ನಾನು, ನನ್ನ ಹಿಂದೆ ಅತ್ತೆ, ಇಬ್ಬರೂ ನಿಂತಿದ್ದೆವು.

"ಆಯಿ, ನನಗ ಕೆಂಪು ಹಸರು ಗೊತ್ತಾಗಂಗಿಲ್ಲ. ಕಣ್ಣಿಗಿ ಎರಡೂ ಒಂದಾ ಕಾಣ್ತಾವ. ಬ್ಯಾರೆ ಕಡಿ ಒಯ್ಯಿ."

"ಅಯ್ಯ ಮೂಳಾ!" ಎಂದಳು ಮುದುಕಿ. "ಅದು ಇವತ್ತ ಹೇಳ್ಲಿಕತ್ತೀಯೇನು? ಸಣ್ಣಾಂವ ಇದ್ದಾಗ ನಮ್ಮ ಹೊಲದಾಗ ಹಣ್ಣಮೆಣಸಿನಕಾಯಿ ಬಿಡಸು ಅಂದ್ರ ಬುಟ್ಟಿ ತುಂಬ ಹಸರು ಕಾಯಿ ತಂದು ಸುರುವಿದ್ದಿ. ಅವತ್ತಿಂದ ಓಣಿಗೆಲ್ಲಾ ಗೊತ್ತದ. ಹಂಗಂತ ಯಾರರ ನಿನ್ನ ಕಡಿ ಬರೋದು ಬಿಟ್ಟಾರೇನು? ನೋಡೋರು ಮನ್ಯಾಗ ಇದ್ದಾರ. ಕೇಳಿದ್ರ ನಿನ್ನ ಗಂಟೇನು ಹೋಗ್ತದ?"

ಅತ್ತೆಯ ಕೈ ನನ್ನ ಭುಜದ ಮೇಲೆ ಗಟ್ಟಿಯಾಯಿತು. ಇಷ್ಟು ವರ್ಷ ಊರಿಂದ ಮುಚ್ಚಿಟ್ಟೆ ಎಂದುಕೊಂಡಿದ್ದ ಹೆಂಗಸು ಅವರು. ನಮ್ಮವರು ತಿರುಗಿ ಹಲಗೆಯಿಂದ ಎರಡು ಡಬ್ಬಿ ಇಳಿಸಿ, ಮುಚ್ಚಳ ತೆಗೆದು, ಗಿರಾಕಿಯ ಎದುರಿಗೇ, ಬೀದಿಗೆ ಕಾಣುವಂತೆ ಕಟ್ಟೆಯ ಮೇಲೆ ಇಟ್ಟರು.

"ಏ, ಬಾ ಇಲ್ಲಿ" ಎಂದು ನನ್ನನ್ನು ಕರೆದರು. "ಇದರಾಗ ಹಸರು ಯಾವುದು ಹೇಳು."

ಮದುವೆಯಾದಾಗಿನಿಂದ ಅವರು ಮಂದಿಯ ಎದುರಿಗೆ ನನ್ನನ್ನು ಕೇಳಿದ ಮೊದಲ ಬಣ್ಣ ಅದು. ನಾನು ಹೊಟ್ಟೆ ಹೊತ್ತುಕೊಂಡು ಕಟ್ಟೆಯ ಹತ್ತಿರ ಹೋಗಿ ಬಗ್ಗಿ ನೋಡಿದೆ. ಸೆರಗಿನಿಂದ ಕಣ್ಣು ಒರೆಸಿಕೊಳ್ಳುವ ತನಕ ನನಗೂ ಗೊತ್ತಾಗಲಿಲ್ಲ.