ಬಿಗಿದ ಕವರಿಗೆ ನನ್ನ ಕತ್ತರಿ

ಇಪ್ಪತ್ತು ವರ್ಷದಿಂದ ಕತ್ತರಿ ಹಿಡಿದಿದ್ದೀನಿ. ಒಂದು ಬ್ಲೌಸ್ ಪೀಸೂ ಹಾಳು ಮಾಡಿಲ್ಲ. ಕಳೆದ ವಾರ ಮಾತ್ರ ಒಂದು ರೂಮಿನ ಮಾನವನ್ನೇ ನಡುರಸ್ತೆಯಲ್ಲಿ ಹರಿದುಬಿಟ್ಟೆ!

ಆಗಿದ್ದಿಷ್ಟು. ಆರ್.ಟಿ. ನಗರದ ನಮ್ಮ ಮನೆ ತಾರಸಿ ಮೇಲೆ ಟೈಲರಿಂಗ್ ಕ್ಲಾಸಿಗೆ ಒಂದು ರೂಮು ಬೇಕಿತ್ತು. ಹನ್ನೆರಡು ಹುಡುಗೀರು ಸೋಮವಾರದಿಂದ ಬರ್ತೀವಿ ಅಂದಿದ್ರು. ಇಟ್ಟಿಗೆ, ಸಿಮೆಂಟು ಅಂತ ಕೂತ್ರೆ ಮುಗಿಯೋದ್ಯಾವಾಗ? ಯಲಹಂಕದ ಆಚೆ ಒಂದು ಶೆಡ್ಡಲ್ಲಿ ರೆಡಿಮೇಡ್ ರೂಮು ಮಾಡ್ತಾರೆ. ಎರಡು ಅರ್ಧ ಭಾಗ. ಕ್ರೇನಲ್ಲಿ ಎತ್ತಿ ಮೇಲಿಟ್ಟು ಜೋಡಿಸಿದ್ರೆ ಆಯ್ತು.

ಚೌಕಾಸಿ ಮಾಡದೆ ಬಿಡ್ತೀನಾ? “ದಾರಿಗೆ ಹೊದಿಸೋ ಪ್ಲಾಸ್ಟಿಕ್ ಕವರ್ ಬೇಡ, ಟಾರ್ಪಾಲ್ ನಾನೇ ತರ್ತೀನಿ, ರೇಟು ಇಳಿಸಿ” ಅಂದೆ.

ಅಲ್ಲಿನ ಸೂಪರ್‌ವೈಸರ್ ಇಮ್ರಾನ್ ನಕ್ಕರು. “ಲಾರಿ ಓಡುವಾಗ ಟಾರ್ಪಾಲ್ ಪಟಪಟ ಹೊಡ್ಕೊಂಡು ಗೋಡೇನೇ ಉಜ್ಜಿಹಾಕುತ್ತೆ ಮೇಡಂ. ಇಲ್ನೋಡಿ.”

ರೂಮಿಗೆ ಬಿಳಿ ಪ್ಲಾಸ್ಟಿಕ್ ಶೀಟು ಹೊದಿಸಿ, ಬೆಂಕಿ ಉಗುಳೋ ಗ್ಯಾಸ್ ಗನ್ನಿಂದ ಬಿಸಿ ತೋರಿಸಿದ್ರು. ಹಪ್ಪಳ ಬಿಸಿಗೆ ಅರಳುತ್ತೆ, ಇದು ಉಲ್ಟಾ. ಮುದುಡಿ ಮುದುಡಿ ಮದ್ದಳೆ ಥರ ಬಿಗಿದುಕೊಳ್ತು! (ನನ್ನ ಫಿಟ್ಟಿಂಗೂ ಇಷ್ಟು ಚೆನ್ನಾಗಿರಲ್ಲ, ಯಾರಿಗೂ ಹೇಳಬೇಡಿ.)

“ರೂಮು ತಾರಸಿ ಹತ್ತೋವರೆಗೂ ಕವರ್ ಮುಟ್ಟಬೇಡಿ. ನೀರು ಹೋದ್ರೆ ಒಳಗಿನ ಬೋರ್ಡು ಬನ್ ಥರ ಊದುತ್ತೆ” ಅಂತ ಎಚ್ಚರಿಸಿದ್ರು.

ಶನಿವಾರ ಲಾರಿ ಬಂತು, ಜೊತೆಗೆ ಗ್ಯಾಸ್ ಗನ್ ಸಮೇತ ಇಮ್ರಾನ್. ಕ್ರೇನ್ ಇನ್ನೂ ಹೆಬ್ಬಾಳದ ಟ್ರಾಫಿಕ್ಕಲ್ಲಿ. ಅಷ್ಟರಲ್ಲಿ ನಮ್ಮತ್ತೆ ಆರತಿ ತಟ್ಟೆ ಹಿಡ್ಕೊಂಡು ಹಾಜರ್. “ಹೊಸ್ತಿಲಿಗೆ ಅರಿಶಿನ ಕುಂಕುಮ ಇಡದೆ ಮೇಲಕ್ಕೆ ಕಳಿಸ್ತೀಯೇನೇ?”

ಹೊಸ್ತಿಲು ಕವರಿನ ಒಳಗೆ! ಇಮ್ರಾನ್ ಜೊತೆ ಮತ್ತೆ ಚೌಕಾಸಿ. “ಬಾಗಿಲಷ್ಟು ತೆಗೀಲಾ?” “ಆಗಲ್ಲ.” “ಒಂದು ಮೊಳ?” “ಬೇಡ ಮೇಡಂ.” “ಹೋಗ್ಲಿ, ಒಂದು ಅಂಗೈ!” ಪಾಪ, ತಲೆ ಕೆರ್ಕೊಂಡ್ರು. ಅದನ್ನೇ ಒಪ್ಪಿಗೆ ಅಂದ್ಕೊಂಡು ಕತ್ತರಿ ಹಾಕಿದೆ.

ಸರ್ರ್! ಅಂಗೈ ಅಗಲದ ಸೀಳು ಚಾವಣಿವರೆಗೂ ಓಡಿತು. ಬಿಗಿಯಾಗಿ ಎಳೆದಿರೋದಕ್ಕೆ ಕತ್ತರಿ ಹಾಕಬಾರದು ಅಂತ ಹುಡುಗೀರಿಗೆ ಪಾಠ ಹೇಳೋಳು ನಾನೇ ಅಲ್ವಾ?

ಆಗಲೇ ಟಪ್ ಅಂತ ಮಳೆಯ ಮೊದಲ ಹನಿ. ಟೇಪ್ ಹಾಕಿದ್ರೆ ಅಂಟಲ್ಲ. ಯಾಕೆ? ಅತ್ತೆ ಅಷ್ಟರಲ್ಲಿ ಹೊಸ್ತಿಲ ಜೊತೆ ಕವರಿಗೂ ಅರಿಶಿನ ಬಳಿದಾಗಿತ್ತು!

ಅಕ್ಕಪಕ್ಕದವರು ಛತ್ರಿ ಹಿಡಿದ್ರು. ಅತ್ತೆ ಸೆರಗಲ್ಲೇ ಅರಿಶಿನ ಒರೆಸಿದ್ರು. ಮಿಕ್ಕಿದ್ದ ಶೀಟಲ್ಲಿ ನಾನು ತೇಪೆ ಕತ್ತರಿಸಿದೆ. ಇಮ್ರಾನ್ ಬಿಸಿ ಮಾಡಿ ಅಂಟಿಸ್ತಾ ಕೂಗಿದ್ರು, “ಛತ್ರಿ ಮೇಲೆತ್ತಿ ಆಂಟಿ, ಸುಟ್ಟೋಗುತ್ತೆ!” ತೇಪೆ ಕೂತಿತು. ಮಳೆ ಸುರಿದೇ ಸುರೀತು. ಒಳಗೆ ಒಂದು ಹನಿ ಇಲ್ಲ.

“ನೋಡಿದ್ಯಾ, ಪೂಜೆ ಮಾಡಿದ್ದಕ್ಕೇ ನೆನೀಲಿಲ್ಲ” ಅಂದ್ರು ಅತ್ತೆ.

ನೀವಾದ್ರೂ ಕೇಳಿ. ಕುಂಕುಮ ಕವರ್ ಮೇಲೇ ಇಡಿ. ಒಳಗಿರೋದು ದೇವರಿಗೆ ಕಾಣಲ್ವಾ?

ಭಾನುವಾರ ಮಳೆ ನಿಂತ ಮೇಲೆ ಕ್ರೇನಲ್ಲಿ ಎರಡೂ ಭಾಗ ಮೇಲೆ ಹತ್ತಿ ಒಂದಾದ್ವು. ಇಮ್ರಾನ್ ಹೊರಗಿನ ಕವರ್ ಕೀಳೋಕೆ ಹೋದ್ರೆ ಅತ್ತೆ ಅಡ್ಡ ನಿಂತ್ರು. “ಹೊಸ ರೂಮು ಕಣಪ್ಪ, ಧೂಳು ಕೂರುತ್ತೆ, ಹಾಗೇ ಇರ್ಲಿ.” (ಎರಡು ವರ್ಷದ ಹಿಂದೆ ತಂದ ಫ್ರಿಜ್ಜಿನ ಕವರನ್ನೇ ಇನ್ನೂ ಕೀಳೋಕೆ ಬಿಟ್ಟಿಲ್ಲ.)

ಹನ್ನೆರಡು ಹುಡುಗೀರು ಒಳಗೆ ಹೋಗೋಕೆ ಬಾಗಿಲಷ್ಟಾದ್ರೂ ತೆಗೀಬೇಕಲ್ಲ? ಅತ್ತೆ ಜೊತೆ ಚೌಕಾಸಿ ನಡೀತಿದೆ. ಸದ್ಯಕ್ಕೆ ಒಂದು ಮೊಳಕ್ಕೆ ಒಪ್ಪಿದ್ದಾರೆ!