ಪ್ಯಾಕಿಂಗ್ ಅಕ್ಕ ಕೊಟ್ಟ ದೂರು

ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಅವಳು ಕೆಲಸಕ್ಕೆ ಸೇರಿ ಹದಿನಾರು ವರ್ಷ ತುಂಬಿತ್ತು. ಎಲ್ಲರ ಬಾಯಲ್ಲೂ ಅವಳು ಅಕ್ಕ. ಒಂದು ಮುರುಕು ಬಿಸ್ಕತ್ತೂ ಅವಳ ಕಣ್ಣು ತಪ್ಪಿಸಿ ಡಬ್ಬ ಸೇರಿದ್ದಿಲ್ಲ. ಮಾತು ಮಾತ್ರ ಚಿಕ್ಕಂದಿನಿಂದ ತೊದಲು. ಮೊದಲಕ್ಷರ ನಾಲಿಗೆಗೆ ಕಚ್ಚಿಕೊಂಡರೆ ಬಿಡಿಸಿಕೊಳ್ಳಲು ಹೆಣಗಾಡಬೇಕು.

ಪ್ಯಾಕಿಂಗ್ ಯಂತ್ರದ ಸಾಲು ನೋಡಿಕೊಳ್ಳುವ ಲೈನ್ ಲೀಡರ್ ಕೆಲಸ ಖಾಲಿಯಾದಾಗ ಅವಳೂ ಅರ್ಜಿ ಹಾಕಿದಳು. ಮ್ಯಾನೇಜರ್ ಅದನ್ನು ಎಲ್ಲರೆದುರೇ ಕೈಯಲ್ಲಿ ಆಡಿಸುತ್ತ ಕೇಳಿದ.

“ಲೈನ್ ನಿಲ್ಲಿಸಿ ಅಂತ ಕೂಗೋಕೆ ನಿನಗಾಗುತ್ತೇನಮ್ಮ? ನಿ-ನಿ-ನಿ ಅನ್ನೋಷ್ಟರಲ್ಲಿ ಬಿಸ್ಕತ್ತೆಲ್ಲ ನೆಲದ ಪಾಲು!”

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೆ ನಿಂತವನು ಯಂತ್ರ ರಿಪೇರಿಯ ಮೇಸ್ತ್ರಿ ಒಬ್ಬನೇ. ಕೆಲಸ, ಅವಳೇ ಕೈಹಿಡಿದು ಕಲಿಸಿದ್ದ ಹೊಸಬಳಿಗೆ ಹೋಯಿತು.

ಎರಡು ವಾರ ಹೇಗೋ ಕೆಲಸಕ್ಕೆ ಹೋಗಿಬಂದಳು. ಕೊನೆಗೆ ತಂಗಿಯನ್ನು ಕರೆದುಕೊಂಡು ಮಾನವ ಹಕ್ಕುಗಳ ಕಚೇರಿಗೆ ಹೋದಳು. ತಂಗಿ ಬಾಯಿ ತೆರೆದದ್ದೇ ತಡ, ಮೇಜಿನಾಚೆಯ ಅಧಿಕಾರಿ ತಡೆದಳು. “ಅವರೇ ಹೇಳಲಿ. ನನಗೇನೂ ಅವಸರ ಇಲ್ಲ.”

ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಅಧಿಕಾರಿ ಹಾಳೆ ಮುಂದಿಟ್ಟಳು. “ಯಾವ ದಿನ, ಎಲ್ಲಿ, ಯಾರ್ಯಾರಿದ್ರು, ಬರೀರಿ. ಅವರಾಡಿದ ಮಾತನ್ನ ಹಾಗೇ ಬರೀರಿ, ಸಂಕೋಚ ಬೇಡ. ಸಾಕ್ಷಿ ಯಾರಾದ್ರೂ ಇದ್ದಾರಾ?”

ಅವಳು ಕಾರ್ಖಾನೆಯಲ್ಲಿ ವಿಚಾರಿಸಿದಾಗ, ಅಂದು ನಕ್ಕವರೆಲ್ಲ ಏನೂ ಕೇಳಿಸಲಿಲ್ಲವೆಂದು ಕೈತೊಳೆದುಕೊಂಡರು. ಮೇಸ್ತ್ರಿ ಮಾತ್ರ ಅವಳತ್ತ ತಿರುಗಿ, “ಕೇಳಿಸಿದ್ದನ್ನ ಕೇಳಿಸ್ತು ಅಂತೀನಿ ತಂಗಿ,” ಎಂದು ಸಹಿ ಹಾಕಿದ.

ಐದು ತಿಂಗಳಾದ ಮೇಲೆ ಕಚೇರಿಯಲ್ಲಿ ಅವಳನ್ನೂ ಮ್ಯಾನೇಜರನ್ನೂ ಎದುರುಬದುರು ಕೂರಿಸಿದರು. “ತಮಾಷೆಗೆ ಅಂದಿದ್ದು,” ಎಂದ ಮ್ಯಾನೇಜರ್. “ಸುರಕ್ಷತೆ ನೋಡ್ಬೇಕಲ್ವಾ?”

ಅವಳು ಮೇಜಿನ ಅಂಚು ಹಿಡಿದಳು. “ಲೈ… ಲೈನ್ ನಿಲ್ಸೋದು ಕೆಂ… ಕೆಂ…”

“ಕೆಂಪು ಗುಂಡಿ ಅಂತಿದ್ದಾಳೆ,” ಎಂದು ಮ್ಯಾನೇಜರ್ ಬಾಯಿ ಹಾಕಿದ.

“ನೀವು ಸುಮ್ನಿರಿ,” ಎಂದಳು ಅಧಿಕಾರಿ.

“ಕೆಂಪು ಗುಂಡಿ ಒತ್ತಿ. ಕೂ… ಕೂಗಿ ಅಲ್ಲ. ಆ ಸದ್ದಲ್ಲಿ ಯಾ… ಯಾರು ಕೂಗಿದ್ರೂ ಕೇಳ್ಸಲ್ಲ.”

ಅಧಿಕಾರಿ ಅದನ್ನು ಬರೆದುಕೊಂಡಳು. ರಾಜಿಪತ್ರವಾಯಿತು: ಲಿಖಿತ ಕ್ಷಮೆ, ಮುಂದಿನ ಲೀಡರ್ ಹುದ್ದೆ ಅವಳಿಗೆ. ಮೂರು ತಿಂಗಳಲ್ಲಿ ಹುದ್ದೆಯೂ ಬಂತು. ಅವಳ ಮೇಜಿನಲ್ಲಿ ಊಟಕ್ಕೆ ಕೂರುವವರು ಮಾತ್ರ ಇಲ್ಲವಾದರು.

ಅದೇ ತಿಂಗಳು ಮೇಸ್ತ್ರಿಯ ಗುತ್ತಿಗೆ ಮುಂದುವರಿಸಲಿಲ್ಲ. ಕಾರಣ ಕೊಡಲಿಲ್ಲ. ಅವಳು ಅವನ ಮನೆ ಹುಡುಕಿಕೊಂಡು ಹೋದಳು. ಬಾಗಿಲಲ್ಲಿ ನಿಂತ ಹೆಂಡತಿ ಒಳಗೆ ಬಾ ಎನ್ನಲಿಲ್ಲ. ಅವಳು ಹೊರಗಿನಿಂದಲೇ ಮೇಸ್ತ್ರಿಗೆ ಕೇಳುವಂತೆ ಹೇಳಿದಳು.

“ಸಾ… ಸಾಕ್ಷಿ ಹೇಳಿದವರನ್ನ ತೆಗೆಯೋದೂ ತಪ್ಪೇ ಅಣ್ಣ. ಇನ್ನೊಂದು ದೂರು ಕೊಡ್ಬಹುದು. ನಾನೇ ಬ… ಬರ್ತೀನಿ.”

“ನನ್ನ ಕೈಲಾಗಲ್ಲ ತಂಗಿ,” ಎಂದ ಮೇಸ್ತ್ರಿ ಒಳಗಿನಿಂದಲೇ. “ಐವತ್ತೆಂಟಾಯ್ತು. ದೂರು ಕೊಟ್ಟವನು ಅಂತ ಹೆಸರು ಬಿದ್ರೆ ಇನ್ಯಾರು ಕರೀತಾರೆ?”

ಮರುದಿನ ಅವಳು ಅರ್ಧ ದಿನ ರಜೆ ಹಾಕಿ, ಒಬ್ಬಳೇ ಕಚೇರಿಗೆ ಹೋದಳು. ಮೇಸ್ತ್ರಿಯ ಸಹಿಯಿಲ್ಲದೆ ದೂರು ಮುಂದೆ ಹೋಗುವಂತಿಲ್ಲ, ಒಂದು ವರ್ಷದೊಳಗೆ ಯಾವಾಗ ಬೇಕಾದರೂ ಬರಬಹುದು ಎಂದರು. ದೂರಿನ ಖಾಲಿ ಹಾಳೆ ಮಡಿಸಿ ತಂದು ಅವನ ಬಾಗಿಲ ಸಂದಿಯಲ್ಲಿ ತೂರಿಸಿದಳು. ವರ್ಷ ಕಳೆಯಿತು. ಅವನು ಬರಲಿಲ್ಲ.